ಒಬ್ಬಳೇ ಎಂದು ಅಫಿಡವಿಟ್ಟು

ಮಂಗಳೂರು ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಪಕ್ಕ
ಒಂದು ಮೇಜು, ಒಂದು ಕಂಪ್ಯೂಟರು, ನಾನು.
ಇಪ್ಪತ್ತೆರಡು ವರ್ಷದಿಂದ ಮಂದಿಯ ಹೆಸರು ರಿಪೇರಿ ಮಾಡುತ್ತೇನೆ,
ಗಡಿಯಾರದವನು ಮುಳ್ಳು ಸರಿಮಾಡಿದ ಹಾಗೆ:
ಹೆಚ್ಚಾದ ಒಂದು ಎಚ್, ಬಿದ್ದುಹೋದ ಒಂದು ಎ.

ಮಂಗಳವಾರ ಹನ್ನೊಂದಕ್ಕೆ ಬಂದಳು ಬೋಳಾರದ ಮುದುಕಿ.
ಪ್ಲಾಸ್ಟಿಕ್ ತೊಟ್ಟೆಯಿಂದ ಕಾಗದ ತೆಗೆದು
ಹಪ್ಪಳದಂತೆ ಹರಡಿದಳು.
"ಬಾಯಮ್ಮ, ಪೆನ್ಶನ್ ನಿಂತಿದೆ.
ನಾನು ನಾನಲ್ಲವಂತೆ."

ರೇಷನ್ ಕಾರ್ಡಿನಲ್ಲಿ ಮುಂಗಲಾ,
ಬ್ಯಾಂಕಿನಲ್ಲಿ ಮಂಗಾಲ,
ಹಂಚಿನ ಕಾರ್ಖಾನೆಯ ಪಿ.ಎಫ್. ಪುಸ್ತಕದಲ್ಲಿ
ಯಾವನೋ ರೈಟರು, ನೀಲಿ ಶಾಯಿ, ದುಂಡಗಿನ ಕೈ,
ಎಂ, ಎ, ಎನ್, ಜಿ, ಎಲ್, ಇ.
ಮ್ಯಾಂಗಲ್.

"ಅಪ್ಪ ಇಟ್ಟದ್ದು ಮಂಗಳೆ.
ದೇವಸ್ಥಾನದ ಹಿಂದೆಯೇ ನಮ್ಮ ಬಿಡಾರ.
ನಾನು ಹುಟ್ಟುವಾಗ ಒಳಗೆ ಗಂಟೆ ಬಡಿಯುತ್ತಿತ್ತಂತೆ,
ಬೇರೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ."

ಶುಭ, ಒಳಿತು, ಕ್ಷೇಮ,
ಕಾನ್ವೆಂಟಿನಲ್ಲಿ ಕನ್ನಡ ಟೀಚರು ಬರೆಸಿದ್ದರು.
ಮುಗಿಸುವುದಕ್ಕೂ ಅದೇ ಮಾತು:
ಭಜನೆಗೆ ಮಂಗಳ ಹಾಡುತ್ತಾರೆ, ಕಾರ್ಖಾನೆಗೂ ಹಾಡಿದರು
ಒಂದು ಸಂಜೆ, ಗೇಟಿಗೆ ಬೀಗ ಜಡಿದು.

ದೊರೆಗಳ ನಾಲಿಗೆಗೆ ಊರು ಹೊರಳಲಿಲ್ಲ,
ಓರ್ ಎಂದರು. ಅವರ ಭಾಷೆಯಲ್ಲಿ ಓರ್ ಎಂದರೆ ಅದಿರು,
ಪಣಂಬೂರಿನಲ್ಲಿ ಹಡಗಿಗೆ ಸುರಿಯುತ್ತಿದ್ದರಲ್ಲ, ಆ ಕೆಂಪು ಹುಡಿ.
ದೇವಿಯ ಊರು ಹೀಗೆ ದೇವಿಯ ಅದಿರಾಯಿತು,
ಅಗೆದು ಒಯ್ಯಬಹುದಾಯಿತು.

ಆ ಅಕ್ಷರ ಅವಳಿಗೆ ಗೊತ್ತು. ಓದಿ ಅಲ್ಲ.
"ಅಚ್ಚಿನಲ್ಲಿ ಉಲ್ಟಾ ಇರುತ್ತಿತ್ತು ಬಾಯಮ್ಮ.
ಹಸಿಮಣ್ಣು ಇಡುವುದು, ಅಚ್ಚು ಬೀಳುವುದು,
ಎತ್ತಿದರೆ ಸಮ ಬರೆದಿರುತ್ತಿತ್ತು.
ಎಂತ ಬರೆದದ್ದು ಅಂತ ಮೇಸ್ತ್ರಿಯ ಹತ್ತಿರ ಕೇಳಿದೆ.
ನಿನ್ನ ಹೆಸರೇ ಮಾರಾಯ್ತಿ, ಅಂದ.
ಕುಶಾಲಿಗೆ ಅಂತ ತಿಳಿದೆ."

ಕಾಗದ ಸರಿಸುವ ಬಲಗೈಯಲ್ಲಿ
ಎರಡು ಬೆರಳು ಮೊದಲ ಗೆಣ್ಣಿಗೇ ಮುಗಿದಿವೆ.

"ಈ ಮ್ಯಾಂಗಲ್ ಅಂದರೆ ಇಂಗ್ಲಿಷಲ್ಲಿ ಏನಾದರೂ ಉಂಟಾ?"

ಉಂಟು. ನಜ್ಜುಗುಜ್ಜು ಮಾಡು.
ಯಂತ್ರಕ್ಕೆ ಸಿಕ್ಕಿದ ಕೈಗೆ ಪೇಪರಿನವರು ಬಳಸುವ ಪದ.
ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.
ಇನ್ನೊಂದು ಅರ್ಥ ನೆನಪಾಯಿತು ಪುಣ್ಯಕ್ಕೆ:
"ಒದ್ದೆ ಬಟ್ಟೆ ಹಿಂಡುವ ಉರುಳೆ, ಹಿಂದಿನ ಕಾಲದ್ದು."
ಬಾಯಿ ತುಂಬ ನಕ್ಕಳು.
"ಅದು ಸಮ. ಕಾರ್ಖಾನೆ ನಿಂತ ಮೇಲೆ
ನಾಲ್ಕು ಮನೆಯ ಬಟ್ಟೆ ಹಿಂಡಿದ್ದೇನೆ."

ಟೈಪು ಮಾಡಿದೆ. ಸರಿಯಾದ ಹೆಸರಿನ ಕೆಳಗೆ
ಕಂಪ್ಯೂಟರು ಕೆಂಪು ಗೆರೆ ಎಳೆಯಿತು, ಇಂಥ ಪದವೇ ಇಲ್ಲವೆಂದು.
ಮ್ಯಾಂಗಲ್‌ನ ಕೆಳಗೆ ಏನೂ ಇಲ್ಲ.
ಅದು ಅದರ ಮನೆಮಗಳು.

ಮುಂಗಲಾ, ಮಂಗಾಲ, ಮ್ಯಾಂಗಲ್, ಮಂಗಳೆ
ಎಂಬ ನಾಲ್ಕೂ ಹೆಸರು ಒಬ್ಬಳೇ ವ್ಯಕ್ತಿಯವು, ಅವಳೇ ನಾನು.
ಸಾವಿರ ಸಲ ಹೊಡೆದ ವಾಕ್ಯ.
ಶುಕ್ರವಾರ ದೇವಿಯ ಸಾವಿರ ಹೆಸರು ಓದಿ ಮುಗಿಸಿದಾಗ
ಭಟ್ಟರೂ ಇದನ್ನೇ ಹೇಳುವುದಿರಬೇಕು, ಸ್ಟಾಂಪ್ ಪೇಪರಿಲ್ಲದೆ.
ನನಗೆ ಗೊತ್ತಿಲ್ಲ, ನಾನು ಇಗರ್ಜಿಯವಳು.
ಮನೆಯಲ್ಲಿ ಪೆಲ್ಲು, ಜ್ಞಾನಸ್ನಾನದ ಪುಸ್ತಕದಲ್ಲಿ ಫೆಲಿಸಿಟಾಸ್.
ಅದಕ್ಕೂ ಹೆಚ್ಚುಕಮ್ಮಿ ಮಂಗಳವೆಂದೇ ಅರ್ಥವಂತೆ,
ಒಮ್ಮೆ ಪಾದ್ರಿಗಳು ಹೇಳಿದ್ದರು.
ಅವಳಿಗೆ ಹೇಳಲಿಲ್ಲ. ಐವತ್ತು ರೂಪಾಯಿ ಬಿಟ್ಟುಕೊಟ್ಟೆ.

ಸಹಿ ಬರದು. ಹೆಬ್ಬೆರಳನ್ನು ಶಾಯಿಗೆ ಒತ್ತಿ
ಕಾಗದದ ಮೇಲಿಟ್ಟು ಇಡೀ ಮೈಭಾರ ಹಾಕಿ ಅದುಮಿದಳು.
ಮೇಜು ಅಲುಗಿತು.
"ಅಷ್ಟೆಲ್ಲ ಬೇಡ ಅಜ್ಜಿ."
ಕೇಳಿಸಲಿಲ್ಲ. ಬೆರಳೆತ್ತಿ, ಒಮ್ಮೆ ಊದಿ,
ಎರಡೂ ಅಂಗೈ ಮೇಲೆ ಹಾಳೆ ಹಿಡಿದು
ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿದಳು,
ಒಣಗಲು ಇಡುವುದಕ್ಕೆ.