ಹೊರಿಸಿ ನೋಡು

ಚಳ್ಳಕೆರೆ, ಸೋಮಗುದ್ದು ರಸ್ತೆಯ ಎಣ್ಣೆಮಿಲ್ಲು.
ಶೇಂಗಾ ಸಿಪ್ಪೆಯ ಧೂಳು
ಪ್ಯಾನಲ್ಲಿನ ಒಳಗೂ ಹಾಸಿಗೆ ಹಾಸಿ ಮಲಗಿದೆ.
ಎರಡನೇ ಗಾಣ ನಿಂತು ಒಂದು ತಾಸು.
ಹಸಿರು ಗುಂಡಿ ಒತ್ತಿದರೆ ಏನೂ ಇಲ್ಲ,
ಕಾಂಟ್ಯಾಕ್ಟರು ಟಕ್ ಎನ್ನುವುದಿಲ್ಲ.
ಒಳಗೆ ಅರ್ಧ ಅರೆದ ಕಾಳು
ಆರುತ್ತಾ ಆರುತ್ತಾ ಕಲ್ಲಾಗುತ್ತಿದೆ.
ಸಾಹುಕಾರ ತಿಪ್ಪೇಶಪ್ಪ ಐದು ನಿಮಿಷಕ್ಕೊಮ್ಮೆ ಬಂದು
ನನ್ನನ್ನಲ್ಲ, ಗೋಡೆಯ ಗಡಿಯಾರ ನೋಡಿ ಹೋಗುತ್ತಾನೆ.

ನನ್ನ ಹತ್ತಿರ ಹೊಸ ಮೀಟರು.
ಕತ್ತಲಲ್ಲೂ ಬೆಳಗುವ ಅಂಕಿ,
ಎರಡು ತಿಂಗಳ ಓಟಿ ದುಡ್ಡು.
ಕಾಯಿಲಿನ ತಂತಿ ಬಿಚ್ಚಿ ತುದಿಗೆ ಮುಳ್ಳು ಹಿಡಿದೆ:
ಇನ್ನೂರ ಹದಿನೆಂಟು.
‘ಕರೆಂಟು ಬರ್ತಿದೆ, ಕಾಯಿಲು ಸತ್ತಿದೆ’ ಅಂದೆ,
ನಾಡಿ ಬಿಟ್ಟ ವೈದ್ಯನ ಗತ್ತಿನಲ್ಲಿ.
ಹಳೆಯದನ್ನು ಸಿಪ್ಪೆಯ ರಾಶಿಗೆ ಎಸೆದೆ.
ಪೇಟೆಗೆ ಹೋಗಿ ಹೊಸದು ತಂದು ಕೂರಿಸಿ
ಗುಂಡಿ ಒತ್ತಿದೆ.
ಅದೂ ಸತ್ತಿತ್ತು.

ಬೋಸಣ್ಣ ಬಂದದ್ದು ಆಗ,
ಮೊಪೆಡ್ಡಿಗೆ ಗೊಬ್ಬರದ ಚೀಲ ನೇತುಹಾಕಿಕೊಂಡು.
ಚೀಲದಲ್ಲಿ
ಸೈಕಲ್ ಟ್ಯೂಬು ಸುತ್ತಿದ ಕಟಿಂಗ್ ಪ್ಲೇರು,
ಹಲ್ಲುಜ್ಜಿ ಸವೆದ ಬ್ರಷ್ಷು, ಉಪ್ಪುಕಾಗದದ ಚೂರು,
ಬೇರಿಂಗಿಗೆ ತುದಿ ಕೊಟ್ಟು ಕಿವಿಗೆ ಹಿಡಿ ಕೊಡುವ
ಮೊಳದುದ್ದದ ಸ್ಕ್ರೂಡ್ರೈವರು,
ಮತ್ತೆ ಹೋಲ್ಡರಿಗೆ ಕೂರಿಸಿದ ಒಂದು ಬಲ್ಬು,
ಅದಕ್ಕೆ ಎರಡು ಬಾಲ.
ಮೀಟರು ಇಲ್ಲ.

ಪ್ಯಾನಲ್ಲಿನ ಕಡೆ ನೋಡಲೂ ಇಲ್ಲ.
ಹಿಂಡಿ ಬಾಚುವ ಪಾಲಕ್ಕನ ಹತ್ತಿರ ಕುಕ್ಕರುಗಾಲಲ್ಲಿ ಕೂತು
‘ನಿಲ್ಲೋಕೆ ಮುಂಚೆ ಇಲ್ಲಿ ಏನೇನಾತು?’ ಅಂದ.
‘ಏನಾಗ್ತತಣ್ಣ, ನಿನ್ನೆ ಸುಣ್ಣ ಬಳಿಯೋಕಂತ
ಗೋಡೆಗೆ ನೀರು ಹೊಡದ್ರು.’
ನಾನು ಒಂದು ತಾಸು
ಅವಳನ್ನು ದಾಟಿಕೊಂಡೇ ಓಡಾಡಿದ್ದೆ.

ಬಲ್ಬನ್ನು ಮೊದಲು ದೀಪದ ಲೈನಿಗೆ ಹಚ್ಚಿದ. ಉರಿಯಿತು.
‘ಗೊತ್ತಿರೋ ಕಡೆ ಮೊದ್ಲು. ಸುಳ್ಳು ಹೇಳೋ ಬಲ್ಬು ಹೆಣ ಬೀಳಿಸ್ತತೆ.’
ಆಮೇಲೆ ನನ್ನ ತಂತಿಗೆ.
ಕೆಂಪು ಎಳೆಯೂ ಕಾಣಲಿಲ್ಲ.
ಪಕ್ಕದಲ್ಲೇ ಹಿಡಿದಿದ್ದ ನನ್ನ ಮೀಟರಿನಲ್ಲಿ
ಇನ್ನೂರ ಹದಿನೆಂಟು
ಜಾರಿ ನಾಲ್ಕಾಯಿತು.

‘ಭಾರ ಇಲ್ದಾಗ
ಎಲ್ಲ ತಂತಿನೂ ಸಾಚಾನೇ ಕಣೋ.
ಹೊರಿಸಿ ನೋಡು.’

ಮೇನ್ ಇಳಿಸಿದ. ಫ್ಯೂಸಿನ ಹಿಡಿಗಳನ್ನು ಕಿತ್ತು
ಅಂಗಿ ಜೇಬಿಗೆ ಹಾಕಿ ಗುಂಡಿ ತೊಟ್ಟ.
‘ಬೋರ್ಡು ಬರೆದು ನೇತಾಕಬಹುದು,
ಓದು ಬರದೋರೂ ಒಳ್ಳೇರೇ ಇರ್ತಾರೆ.’
ಹರಿಹರದಲ್ಲಿ ಅಂಥ ಒಬ್ಬ ಒಳ್ಳೆಯವನು
ಉಪಕಾರಕ್ಕೆಂದು ಫ್ಯೂಸು ಹಾಕಿದ ದಿನದಿಂದ
ಬೋಸಣ್ಣನ ಎಡಗೈ ಕಿರುಬೆರಳು ಮಡಚುವುದಿಲ್ಲ.
ಸತ್ತಿದೆಯೇ ಎಂದು ಮತ್ತೆ ಬಲ್ಬು ಹಿಡಿದ,
ಬಲ್ಬು ಬದುಕಿದೆಯೇ ಎಂದು ಮತ್ತೆ ದೀಪದ ಲೈನಿಗೆ.
ಅವಸರದ ಮನುಷ್ಯ ಅಲ್ಲ.

ಗೋಡೆಯ ಡಬ್ಬಿ ತೆರೆದಾಗ ತೊಟ್ಟಿಕ್ಕಿತು ಸುಣ್ಣದ ನೀರು.
ಜಾಯಿಂಟಿನ ಮೇಲೆ ಹಸಿರು ಕಿಲುಬು.
ಎರಡು ತಂತಿ
ಒಂದನ್ನೊಂದು ಮುಟ್ಟಿಕೊಂಡಿದ್ದವು,
ಹಿಡಿದುಕೊಂಡಿರಲಿಲ್ಲ.
ಜಾರಿದ ಟೇಪು ಕೆಂಪು.
ಈ ಮಿಲ್ಲಿನಲ್ಲಿ ಕೆಂಪು ಟೇಪು ಸುತ್ತುವವನು ನಾನೊಬ್ಬನೇ.
ಹೋದ ಯುಗಾದಿಯ ಹಿಂದಿನ ಸಂಜೆ,
ಊರಿಗೆ ಕೊನೆಯ ಬಸ್ಸು ಆರೂವರೆಗೆ.

ಬೋಸಣ್ಣ ಟೇಪು ನೋಡಿದ,
ನನ್ನನ್ನು ನೋಡಲಿಲ್ಲ.
ಪ್ಲೇರು ನನ್ನ ಕೈಗೆ ಕೊಟ್ಟು ಬೀಡಿ ಹುಡುಕಿದ.
ಕೆರೆದೆ. ಹೊಳೆಯುವವರೆಗೆ ಕೆರೆದೆ.
ತಿರುಚಿದೆ, ಎಳೆದು ನೋಡಿದೆ, ಇನ್ನೊಮ್ಮೆ ಎಳೆದು ನೋಡಿದೆ.

ಟಕ್.

ಗಾಣ ಮೊದಲು ನರಳಿತು, ಆಮೇಲೆ ತಿರುಗಿತು.
ಸಾಹುಕಾರ ಬಂದ: ‘ಏನಾಗಿತ್ತು?’
‘ನೀರು ಹೋಗಿತ್ತು’ ಅಂದ ಬೋಸಣ್ಣ. ಅಷ್ಟೇ ಅಂದ.

ಅವನ ಮೊಪೆಡ್ಡು ಹೋದ ಮೇಲೆ
ಸಿಪ್ಪೆಯ ರಾಶಿಗೆ ಮೊಣಕೈ ತನಕ ಕೈಹಾಕಿ
ಹಳೆಯ ಕಾಯಿಲನ್ನು ಹುಡುಕಿ ತೆಗೆದೆ.
ಊದಿದೆ.
ಏನೂ ಆಗಿರಲಿಲ್ಲ ಅದಕ್ಕೆ.