ಬಲಗಾಲಿನ ಚಪ್ಪಲಿ

ಪ್ರತಿ ಸೋಮವಾರ ಎಂಟು ಗಂಟೆಗೆ ನನ್ನ ಕ್ಲಾಸು,
ಕೊಟ್ಟಾರ ಚೌಕಿಯ ಆಚೆ, ಸಿಮೆಂಟು ಗೋದಾಮಿನ ತಗಡಿನಡಿ.
ಬಿಳಿ ಬೆಡ್‌ಶೀಟಿನ ಮೇಲೆ ನಲವತ್ತೆರಡು ಸ್ಲೈಡು.
ಅದರಲ್ಲೊಬ್ಬ ಗುಲಾಬಿ ಕೆನ್ನೆಯವ
ಹೊಸ ಬೂಟು ಹಾಕಿಕೊಂಡು ಏಣಿಯಿಂದ ಬೀಳುತ್ತಾನೆ,
ಮುಂದಿನ ಸ್ಲೈಡಿನಲ್ಲಿ ಏಳುತ್ತಾನೆ.
ಎದುರಿಗೆ ಕೊಪ್ಪಳ, ಗದಗ, ದುಮ್ಕಾ, ಮಾಲ್ಡಾ.
ನಿದ್ದೆಗೆ ಮಾತ್ರ ಎಲ್ಲರದ್ದೂ ಒಂದೇ ಭಾಷೆ.
ಕೊನೆಗೆ ರಿಜಿಸ್ಟರಿನಲ್ಲಿ ಅರವತ್ತು ಹೆಬ್ಬೆಟ್ಟು,
ಕೆಳಗೆ ನನ್ನ ಸಹಿ: ತರಬೇತಿ ಸಂಪೂರ್ಣ.
"ಬೇಗ ಬಿಡಿ ಮೇಡಂ, ಕಾಂಕ್ರೀಟು ಲಾರಿ ಬಂದಾಯ್ತು"
ಎನ್ನುತ್ತಾರೆ ಐತಪ್ಪಣ್ಣ.

ಹೋದ ಶುಕ್ರವಾರ ಮೇಲಿನಿಂದ ಒಂದು ಚಪ್ಪಲಿ ಬಿತ್ತು.
ಒಂದೇ. ಬಲಗಾಲಿನದ್ದು.
ಅದರ ಹಿಂದೆ ಕಾಲು ಬರಲಿಲ್ಲ.
ಕೊರಳು ನೋಯುವ ತನಕ ತಲೆ ಎತ್ತಿ ನಿಂತಿದ್ದೆ.

ನೀಲಿ ಹವಾಯಿ. ಹಿಮ್ಮಡಿ ಸವೆದು ದೋಸೆಯಷ್ಟು ತೆಳ್ಳಗೆ.
ಕಿತ್ತ ಪಟ್ಟಿಗೆ ಒಂದು ಸೇಫ್ಟಿ ಪಿನ್ನು.
ಇಡೀ ಸೈಟಿನಲ್ಲಿ ಸೇಫ್ಟಿ ಎಂಬ ಹೆಸರಿನವರು ಇಬ್ಬರೇ,
ಅದು ಮತ್ತು ನಾನು.
ಅದಾದರೂ ಏನನ್ನೋ ಹಿಡಿದುಕೊಂಡಿತ್ತು.

ಈ ಸೋಮವಾರ ಬೆಡ್‌ಶೀಟು ಕಟ್ಟಲಿಲ್ಲ.
ಚಪ್ಪಲಿಯನ್ನು ಸಿಮೆಂಟು ಚೀಲದ ಮೇಲಿಟ್ಟೆ.
ಯಾರದ್ದು ಎಂದು ಕೇಳಬಾರದು ಅಂತ
ಬಸ್ಸು ಕೂಳೂರು ಸೇತುವೆ ದಾಟುವಾಗಲೇ ನಿಶ್ಚಯಿಸಿದ್ದೆ.
ಯಾರದ್ದು ಅಂದರೆ ದಂಡ; ಎಲ್ಲರಿಗೂ ಗೊತ್ತುಂಟು.
"ಎಲ್ಲಿಂದ ಬಿದ್ದಿರಬಹುದು?" ಅಂದೆ.

ಯಾರೂ ಮಾತಿಲ್ಲ. ಹೊರಗೆ ಮಿಕ್ಸರು ತಿರುಗುತ್ತಿತ್ತು.
ಮರಳು ಹೊರುವ ದುರುಗವ್ವ ಎದ್ದು ಹೋಗಿ
ಎಲೆಯಡಿಕೆ ಉಗಿದು ಬಂದಳು.
"ಮಾಲು ಏರಸೋ ಲಿಫ್ಟಿನ ಬಾಯಾಗ ರೀ, ಹನ್ನೊಂದರಾಗ.
ಹಲಗಿ ಅಳ್ಳಾಡತೈತಿ. ಎಲ್ಲಾರಿಗೂ ಗೊತ್ತೈತಿ.
ದಾಟಿಕೋಂತ ಅಡ್ಡಾಡತೀವಿ."
ಎಷ್ಟು ದಿನದಿಂದ?
"ಗಣಪತಿ ಹಬ್ಬದಿಂದ."

ಗಣಪತಿ ಹಬ್ಬದಿಂದ ಈಚೆಗೆ
ಆ ಗುಲಾಬಿ ಮನುಷ್ಯನನ್ನು ನಾನು ಎಂಟು ಸಲ ಬೀಳಿಸಿದ್ದೆ.

ಚಾಕು ಕೊಟ್ಟೆ, ಬರೆಯುವ ಚಾಕು.
ಕುಂಟೆಬಿಲ್ಲೆಯ ಮನೆ ಗೀಚಿದ ಹಾಗೆ
ಅವಳು ಹನ್ನೊಂದನೇ ಮಹಡಿಯನ್ನು ನೆಲಕ್ಕೆ ಇಳಿಸಿದಳು.
ಸುಖರಾಮ ಟುಡು ಅಂಗಾಲಿನಿಂದ ಒಂದು ಮೂಲೆ ಅಳಿಸಿ
ತಿದ್ದಿದ: "ಇಧರ್ ರಾತ್ ಕೋ ಬತ್ತಿ ನಹೀ."
ಅಲ್ಲಿಗೊಂದು ಜಲ್ಲಿಕಲ್ಲು. ಮೆಟ್ಟಿಲ ತಿರುವಿಗೆ ಇನ್ನೊಂದು.
ಬೆಲ್ಟು ಉಂಟು, ಕೊಕ್ಕೆ ಸಿಕ್ಕಿಸಲು ಜಾಗವಿಲ್ಲದ ಕಡೆ ಮೂರು.
ಅವಸರ ಮಾಡಲು ಬಂದ ಐತಪ್ಪಣ್ಣ
ಹೆಲ್ಮೆಟ್ಟು ತೆಗೆದು ತಲೆ ಕೆರೆದುಕೊಂಡರು,
ಟೈಲ್ಸಿನ ಒಂದು ಚೂರು ಹೆಕ್ಕಿ ಬಾಲ್ಕನಿಯಲ್ಲಿಟ್ಟರು.
"ನಾನೂ ಒಮ್ಮೆ, ಇದೇ ಥರ..." ಅಂದವರು
ಮುಂದೆ ಹೇಳಲಿಲ್ಲ.

ಲಾರಿ ಹಾರ್ನು ಹೊಡೆಯಿತು. ಹೊಡೆಯಲಿ.
ಇಬ್ಬರು ಮೊಳೆ ಹಲಗೆ ಹಿಡಿದು ಮೇಲೆ ಹೋಗಿಯಾಗಿತ್ತು.

ರಿಜಿಸ್ಟರಿನ ನೆನಪಾದದ್ದು ಹನ್ನೊಂದಕ್ಕೆ.
ಬೂಟಿನ ಇಂಡೆಂಟು ಆಫೀಸಿನಲ್ಲಿ ಮೂರು ತಿಂಗಳಿಂದ ಮಲಗಿದೆ;
ಚಾಕಿನ ಡಬ್ಬಿಗೆ ಈಗ ವೋಚರು ಕೇಳುತ್ತಿದ್ದಾರೆ.
ಚೀಲದ ಮೇಲಿನ ಚಪ್ಪಲಿ ಯಾವಾಗ ಹೋಯಿತೋ ನೋಡಲಿಲ್ಲ,
ನೋಡಬಾರದೆಂದೇ ಆಚೆ ತಿರುಗಿದ್ದೆ.

ಚಹಕ್ಕೆ ಹೊರಟವರು
ನೆಲದ ಮೇಲೆ ಚಾಕಿನಲ್ಲಿ ಬರೆದ ಆ ಸಂದನ್ನು
ದಾಟದೆ, ಸುತ್ತಿಕೊಂಡು ಹೋದರು.