ನೆಲದ ಡೊಂಕು

ಸೆಪ್ಟೆಂಬರಿನಲ್ಲಿ ಹನ್ನೊಂದು ಜನರಿದ್ದೆವು.
ಸಂಬಳದ ಕೆಲಸಕ್ಕೆ ರಜೆ ಹಾಕಿ
ಸಂಬಳವಿಲ್ಲದ ಕೆಲಸಕ್ಕೆ ಹಾಜರಿ ಹಾಕುವವರು.
ಜಿಗೀಷಾ ಹಗಲೆಲ್ಲ ಊರಿನ ಹಲ್ಲು ಕೀಳುತ್ತಾಳೆ,
ರಾತ್ರಿ ಥಿಯೇಟರಿನ ಬಾಡಿಗೆಗೆ ತನ್ನ ಹಲ್ಲು ಕಚ್ಚುತ್ತಾಳೆ.
ಗುರ್‌ನೂರನ ಪಾಲಿಗೆ ಲಾರಿ, ತಿವ್ಯಾಳ ಪಾಲಿಗೆ ಹೋಟೆಲು:
ಕೋಣೆಗೆ ನಾಲ್ವರೆಂದು ಬುಕ್ ಮಾಡಿ
ಒಂಬತ್ತು ಜನ ಮಲಗಿದ್ದನ್ನು ಕಂಡೂ ಕಾಣದ ಹಾಗೆ ದಾಟುವುದು.
ನನಗೆ ಅಂಕ ಕೂಡುವ ಕೆಲಸ.
ಕೂಡಿದ್ದನ್ನು ಕೆಳಗಿನಿಂದ ಮೇಲೆ ಮತ್ತೆ ಕೂಡುವ ಕೆಲಸ.

ಆರು ಊರು, ಆರು ಶನಿವಾರ, ಇಪ್ಪತ್ತಮೂರು ಕಾಲೇಜಿನ ರಾಸ್ ತಂಡ.
ಏಪ್ರಿಲ್ಲಿನ ಬಾಗಿಲು ಎಂಟಕ್ಕೆ ಮಾತ್ರ.

ಐದು ವರ್ಷವಾಯಿತು, ಒಂದು ಕುಣಿತವನ್ನೂ ನಾನು ನೋಡಿಲ್ಲ.
ಅಂಕದ ಕೋಣೆಗೆ ಕಿಟಕಿ ಇರುವುದಿಲ್ಲ, ಯಾವ ಊರಲ್ಲೂ.
ಗೋಡೆಯಾಚೆ ಕೋಲಿಗೆ ಕೋಲು ಬಿದ್ದದ್ದು
ಮೇಜಿನ ಕಾಲು ಹತ್ತಿ ಬಂದು
ನೀರಿನ ಲೋಟದಲ್ಲಿ ಉಂಗುರವಾಗುತ್ತದೆ.
ಉಂಗುರ ನಿಂತರೆ ಎಂಟು ನಿಮಿಷ ಮುಗಿಯಿತು.
ಆಮೇಲೆ ಕಾಗದ ಬರುತ್ತದೆ,
ತೀರ್ಪುಗಾರರ ಅವಸರದ ಕೈಬರಹ,
ಏಳೋ ಒಂದೋ ಎಂದು ದೀಪಕ್ಕೆ ಹಿಡಿದು ನೋಡಬೇಕು.

ಜನವರಿ, ಕನ್ಸಾಸ್ ಸಿಟಿ.
ಹಿಮಕ್ಕೆ ಸಿಕ್ಕಿ ಲಾರಿ ಹೆದ್ದಾರಿಯಲ್ಲೇ ನಿಂತಿತು,
ಪ್ಲೈವುಡ್ಡಿನ ಮೂರು ಅರಮನೆ, ಒಂದು ಹಡಗು, ಅರ್ಧ ಆನೆ ಸಮೇತ.
ಟಲ್ಸಾ ತಂಡವನ್ನು ನೋಡಿಕೊಳ್ಳಬೇಕಿದ್ದ ಇಹ್ಸಾನ್,
ಆಗಷ್ಟೇ ಹದಿನೆಂಟು ತುಂಬಿದ ಹುಡುಗ, ಜ್ವರ ಬಂದು
ಕೋಟುಗಳ ರಾಶಿಯ ಮೇಲೆ ಇನ್ನೊಂದು ಕೋಟಿನಂತೆ ಬಿದ್ದಿದ್ದ.
ಬೆಳಗಿನ ಜಾವ ನಾವು ಬರಿಗಾಲಲ್ಲಿ ವೇದಿಕೆ ನಡೆದೆವು,
ಅಂಗಾಲಿಗೆ ಏನು ತಾಗುತ್ತದೆಂದು.
ಎಡ ಪರದೆಯಿಂದ ಮೂರನೆಯ ಹಲಗೆ
ಅಕ್ಕಿಕಾಳಿನಷ್ಟು ಎದ್ದಿತ್ತು.
ಕಪ್ಪು ಟೇಪು ಹಚ್ಚಿ ಅದರ ಮೇಲೆ ಕೂತೆ, ಅಂಟಲಿ ಅಂತ.

ಆಗಲೇ ನಕ್ಕಿದ್ದು. ಕುಣಿಯಲಾರದವಳ ಗಾದೆ ಎಲ್ಲರ ಮನೆಯಲ್ಲೂ ಇದೆ:
ಜಿಗೀಷಾಳ ಮನೆಯಲ್ಲಿ ಅಂಗಳ ಡೊಂಕು,
ತಿವ್ಯಾಳ ಜಾಫ್ನಾ ಅಜ್ಜಿಗೆ ಪಡಸಾಲೆ ಡೊಂಕು,
ನಮ್ಮಲ್ಲಿ ನೆಲವೇ ಡೊಂಕು.
ಹೆದ್ದಾರಿಯಿಂದ ಫೋನಿನಲ್ಲಿ ಗುರ್‌ನೂರ್, ಹಲ್ಲು ಕಟಕಟ:
ಅಂಗಳ ಗುಡಿಸಿದವರ ಗಾದೆ ಯಾವುದು?

ಸಂಜೆ ಏಳೂಕಾಲು. ಲೋಟದ ಉಂಗುರ ಒಮ್ಮೆ ತಪ್ಪಿತು,
ಮತ್ತೆ ಹಿಡಿಯಿತು.
ಕಾಗದದಲ್ಲಿ ಬರೆದು ಬಂತು: ಟಲ್ಸಾ, ಕೋಲು ಕೈಬಿಟ್ಟದ್ದು,
ಅರ್ಧ ಅಂಕ ಕಡಿತ.
ಕಳೆದೆ. ಕಳೆಯುವುದು ಕೂಡುವಷ್ಟೇ ಸುಲಭ.

ನಡುರಾತ್ರಿ ಗುಡಿಸುವಾಗ
ಟೇಪು ಎದ್ದು ಸುರುಳಿಯಾಗಿತ್ತು,
ಅಂಟಿನಲ್ಲಿ ಎರಡು ಚಮಕಿ, ಲಂಗದ ಅಂಚಿನ ಕೆಂಪು ದಾರ.
ಜಿಗೀಷಾಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ
ನಿಯಮದ ಪುಸ್ತಕದಲ್ಲಿ ನೆಲದ ಬಗ್ಗೆ ಏನೂ ಇಲ್ಲ ಎಂದಳು,
ನನ್ನ ಕೈಯ ಪೊರಕೆಯನ್ನು ತಾನು ತೆಗೆದುಕೊಂಡಳು.

ಮಾರ್ಚಿನಲ್ಲಿ ಆರೂ ಊರಿನ ಲೆಕ್ಕ ಸೇರಿದಾಗ
ಟಲ್ಸಾ ಒಂಬತ್ತನೆಯದು. ಎಂಟನೆಯದಕ್ಕೂ ಅದಕ್ಕೂ ನಡುವೆ
ಒಂದು ಸೊನ್ನೆ, ಒಂದು ಚುಕ್ಕಿ, ಒಂದು ಎರಡು.
ಮೂರು ಸಲ ಕೂಡಿದೆ. ನಾಲ್ಕನೆಯ ಸಲ
ತಿವ್ಯಾಳ ಕೈಯಲ್ಲಿ ಕೂಡಿಸಿದೆ.

ಸೋತವರಿಗೆ ಫೋನು ಮಾಡುವುದೂ ಅಂಕದವರ ಪಾಲಿಗೇ.
ಹೇತ್ವಿ, ಅವರ ನಾಯಕಿ, ಪೂರ್ತಿ ಕೇಳಿಸಿಕೊಂಡಳು.
ಆ ಹುಡುಗನ ಜ್ವರ ಬಿಟ್ಟಿತಾ, ಎಂದು ಕೇಳಿದಳು.
ಬಿಟ್ಟಿತು ಎಂದೆ. ಆಮೇಲೆ ನನಗೆ ಮಾತು ಹೊರಡಲಿಲ್ಲ.
ಅವಳ ಹಿಂದೆ ಎಲ್ಲೋ, ಜಿಮ್ಮಿನಲ್ಲೋ ಪಾರ್ಕಿಂಗಿನಲ್ಲೋ,
ಕೋಲಿಗೆ ಕೋಲು ತಾಗುತ್ತಲೇ ಇತ್ತು.
ಅವರಿಗಿನ್ನೂ ಯಾರೂ ಹೇಳಿರಲಿಲ್ಲ.

ನೆಲ ಡೊಂಕಿತ್ತು, ಎಂದೆ. ಹಲಗೆ. ಟೇಪು ಹಚ್ಚಿದ್ದು ನಾನು.

ಗೊತ್ತು, ಎಂದಳು. ಎಡವಿದ್ದು ನಾನೇ.
ಹುಡುಗನ ಜಾಕೆಟ್ಟು ನಮ್ಮ ಬಸ್ಸಿನಲ್ಲೇ ಉಳಿದಿದೆ,
ವಿಳಾಸ ಹೇಳಿ.